ಫಿಲ್ಟರ್ ಇಟ್ಟು ಹೋದವರಿಗೆ

ನೀವು ಯಾರೋ ಗೊತ್ತಿಲ್ಲ. ಅದಕ್ಕೇ ಎಲ್ಲರೆದುರಿಗೆ ಥ್ಯಾಂಕ್ಸ್ ಹೇಳುತ್ತಿದ್ದೇನೆ.

ಶಿವಮೊಗ್ಗದ ನಮ್ಮ ಆಫೀಸಿಗೆ ದಿನಾ 11 ಗಂಟೆಗೆ ಫ್ಲಾಸ್ಕ್ ಕಾಫಿ ಬರುತ್ತದೆ. ಮೂರು ವರ್ಷ ಸುಮ್ನೆ ಕುಡಿದಿದ್ದೇನೆ. ಬಣ್ಣ ಕಾಫಿಯದ್ದು, ರುಚಿ ಫ್ಲಾಸ್ಕಿನ ಮುಚ್ಚಳದ್ದು. ಕಾಫಿ ಬೆಳೆಯುವ ಬಾಬಾಬುಡನ್‌ಗಿರಿ ಪಕ್ಕದ ಜಿಲ್ಲೆಯಲ್ಲೇ ಇದೆ, ನಮಗೆ ನೋಡಿ ಈ ಗತಿ ಮಾರಾಯ್ರೇ!

ಹೋದ ವಾರ ಜಡಿಮಳೆಯ ದಿನ ಸಿಂಕಿನ ಪಕ್ಕ ಹಿತ್ತಾಳೆ ಫಿಲ್ಟರ್ ಕಂಡೆ. ಜೊತೆಗೊಂದು ಡಬ್ಬಿ ಪುಡಿ, ಒಂದು ಚೀಟಿ. "ಮೂರು ಚಮಚ ಪುಡಿ ಹಾಕಿ ಮೆಲ್ಲಗೆ ಒತ್ತಿ. ಕುದಿದ ನೀರು ಸುರಿಯಿರಿ. 20 ನಿಮಿಷ ಮುಟ್ಟಬೇಡಿ." ಮುಟ್ಟಬೇಡಿ ಅನ್ನೋದರ ಕೆಳಗೆ ಎರಡು ಗೆರೆ. ಡಬ್ಬಿ ಮೇಲೆ 80–20 ಅಂತ ಬರೆದಿತ್ತು, ಅಂದರೆ ಕಾಫಿ ನೂರಕ್ಕೆ 80, ಚಿಕೋರಿ ಅನ್ನೋ ಬೇರಿನ ಪುಡಿ 20. (ಕಾನೂನು ಪ್ರಕಾರ 49ರವರೆಗೂ ಬೆರೆಸಬಹುದು. ನಮ್ಮ ಫ್ಲಾಸ್ಕಿನದ್ದು ಆ ಲೆಕ್ಕಕ್ಕೂ ಸಿಗಲಿಕ್ಕಿಲ್ಲ.)

ನಾನು 12ನೇ ನಿಮಿಷಕ್ಕೇ ಮುಚ್ಚಳ ತೆಗೆದೆ. ತಪ್ಪಾಯ್ತು. ಆದರೂ ಘಮ ಹಿಡಿದುಕೊಂಡು ಅಕೌಂಟ್ಸ್‌ನವರೆಲ್ಲ ಲೋಟ ತಗೊಂಡು ಬಂದುಬಿಟ್ಟರು. ಜಗಳ ಆಡಿಕೊಂಡೇ ಕುಡಿದೆವು.

ಪುಡಿ ತಳ ಕಂಡಿದೆ. ಮುಂದಿನ ಅರ್ಧ ಕೆಜಿ ನಮ್ಮದು. ಯಾವ ಅಂಗಡಿಯದ್ದು ಅಂತ ಚೀಟಿಯ ಹಿಂದೆ ಬರೆದಿಡ್ತೀರಾ?