ಹಳೆಯ ಬಣ್ಣ ಉಜ್ಜುವ ಮುನ್ನ

ಮಾನ್ಯ ಸಂಪಾದಕರೇ,

ಪೇಂಟರ್‌ಗಳ ಕೂಲಿ ಏರಿರುವುದರಿಂದಲೂ, ರೋಲರ್, ಪುಟ್ಟಿ, ಪ್ರೈಮರ್‌ಗಳೆಲ್ಲ ಸಣ್ಣ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತಿರುವುದರಿಂದಲೂ, ಹಬ್ಬಕ್ಕೆ ಮುಂಚೆ ಮನೆಮಂದಿಯೇ ಸೇರಿ ಒಳಗಿನ ಬಣ್ಣ ಬಳಿದುಕೊಳ್ಳುವುದನ್ನು ಈಗ ಅಲ್ಲಲ್ಲಿ ಕಾಣುತ್ತೇವೆ. ಇದು ಸಂತೋಷದ ವಿಷಯವೇ. ಆದರೆ ಯಾವ ಕೋಣೆಗೆ ಯಾವ ಬಣ್ಣ ಒಪ್ಪುತ್ತದೆ ಎಂದು ಹೇಳಿಕೊಡುವವರು ಬೇಕಾದಷ್ಟಿದ್ದಾರೆ. ಹಳೆಯ ಬಣ್ಣದಲ್ಲಿ ಸೀಸ (ಲೆಡ್) ಎಂಬ ವಿಷಲೋಹ ಇರಬಹುದು, ಆ ಬಣ್ಣವನ್ನು ಹೇಗೆ ತೆಗೆಯಬಾರದು ಎಂದು ಎಚ್ಚರಿಸುವವರು ತೀರ ಕಡಿಮೆ.

ನಮ್ಮ ಹಳೆಯ ಮನೆಗಳಲ್ಲಿ ಗೋಡೆಗೆ ಸುಣ್ಣವೋ ಡಿಸ್ಟೆಂಪರೋ ಇದ್ದರೂ ಬಾಗಿಲು, ಕಿಟಕಿ, ಸರಳುಗಳಿಗೆ ಆಯಿಲ್ ಪೇಂಟ್ ಇರುತ್ತದೆ. ಕಿಟಕಿಯ ಚೌಕಟ್ಟಿನಲ್ಲಿ ಚಕ್ಕೆ ಎದ್ದ ಕಡೆ ನೋಡಿದರೆ ಕಂದಿನ ಕೆಳಗೆ ಹಸಿರು, ಹಸಿರಿನ ಕೆಳಗೆ ಹಳದಿ, ಹೀಗೆ ಹಲವು ಕಾಲದ ಪದರಗಳು ಕಾಣಿಸುತ್ತವೆ. ಎಷ್ಟೋ ಮನೆಗಳ ಹೊಸ್ತಿಲಿಗೂ ಅರಿಸಿನದ ಬದಲು ಹಳದಿ ಪೇಂಟನ್ನೇ ಬಳಿದಿರುತ್ತಾರೆ. ಹಳದಿ, ಕಿತ್ತಳೆ, ಹಸಿರು ಬಣ್ಣಗಳಿಗೆ ಸೀಸದ ಕ್ರೋಮೇಟ್ ಎಂಬ ಬಣ್ಣದ ಪುಡಿ ಬಳಸುವುದು ಬಹುಕಾಲ ರೂಢಿಯಲ್ಲಿತ್ತು. ಪೇಂಟ್ ಬೇಗ ಒಣಗಲೆಂದು ಸೀಸದ ಸಂಯುಕ್ತಗಳನ್ನು ಬೆರೆಸುವುದೂ ಇತ್ತು. ಅಮೆರಿಕವು ಮನೆಬಳಕೆಯ ಸೀಸಯುಕ್ತ ಪೇಂಟನ್ನು 1978ರಲ್ಲೇ ನಿಷೇಧಿಸಿದರೆ, ಸೀಸದ ಅಂಶ ಹತ್ತು ಲಕ್ಷದಲ್ಲಿ 90 ಭಾಗವನ್ನು ಮೀರಬಾರದೆಂಬ ನಿಯಮ ನಮ್ಮಲ್ಲಿ ರೂಪುಗೊಂಡದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಆದ್ದರಿಂದ ಅದಕ್ಕೂ ಹಿಂದಿನ ಆಯಿಲ್ ಪೇಂಟ್ ಇರುವ ಮನೆಯಲ್ಲಿ ಸೀಸ ಇರಬಹುದೆಂದು ಭಾವಿಸಿಯೇ ಕೆಲಸಕ್ಕೆ ಇಳಿಯುವುದು ಕ್ಷೇಮ.

ಗಟ್ಟಿಯಾಗಿ ಅಂಟಿಕೊಂಡಿರುವ ಹಳೆಯ ಬಣ್ಣದಿಂದ ಅಷ್ಟು ಭಯವಿಲ್ಲ. ಒಣ ಸ್ಯಾಂಡ್ ಪೇಪರ್ ಹಾಕಿ ಉಜ್ಜಿದಾಗ ಏಳುವ ನುಣ್ಣನೆಯ ಧೂಳು ಮಾತ್ರ ನೆಲಕ್ಕೂ ಚಾಪೆಗೂ ಕೂತು, ಅಲ್ಲಿಂದ ಅಂಬೆಗಾಲಿಡುವ ಮಗುವಿನ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ. ನುಂಗಿದ ಸೀಸವನ್ನು ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಹೀರಿಕೊಳ್ಳಬಲ್ಲದೆಂದೂ, ಇಷ್ಟಿದ್ದರೆ ಅಪಾಯವಿಲ್ಲ ಎನ್ನುವ ಪ್ರಮಾಣವೇ ತಿಳಿದುಬಂದಿಲ್ಲವೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಪೆಟ್ಟು ಬೀಳುವುದು ಬೆಳೆಯುತ್ತಿರುವ ಮೆದುಳಿಗೆ. ಬೆಂಗಳೂರಿನ ಜೀವರಸಾಯನ ವಿಜ್ಞಾನಿ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷದ ಬಗ್ಗೆ ವರ್ಷಗಟ್ಟಲೆ ದನಿಯೆತ್ತಿದ ನಾಡಿನಲ್ಲೇ ಈ ತಿಳಿವಳಿಕೆ ಮನೆಮನೆಗೆ ತಲುಪಿಲ್ಲವೆಂಬುದು ನೋವಿನ ಸಂಗತಿ.

ಮಾಡಬೇಕಾದದ್ದು ಕಷ್ಟದ್ದೇನಲ್ಲ. ಚಕ್ಕೆ ಏಳದ ಬಣ್ಣವನ್ನು ಬುಡದವರೆಗೆ ಕೆರೆಯುವ ಅಗತ್ಯವಿಲ್ಲ. ನೀರು ಚಿಮುಕಿಸಿ ವಾಟರ್ ಪೇಪರ್‌ನಿಂದ (ಒದ್ದೆಯಾಗಿ ಬಳಸುವ ಸ್ಯಾಂಡ್ ಪೇಪರ್) ಹದವಾಗಿ ಉಜ್ಜಿ, ಒಣಗಿದ ಮೇಲೆ ಪ್ರೈಮರ್ ಹಚ್ಚಿದರೆ ಸಾಕು. ಚಕ್ಕೆ ಎದ್ದ ಕಡೆಯೂ ಒದ್ದೆ ಮಾಡಿಕೊಂಡೇ ಕೆರೆಯಬೇಕು. ಬೆಂಕಿ ಹಿಡಿದು ಬಣ್ಣ ಸುಡುವುದಂತೂ ಕೂಡದು, ಆ ಹೊಗೆ ಧೂಳಿಗಿಂತಲೂ ಕೆಟ್ಟದ್ದು. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಸಾಲದು, ಎನ್-95 ಮಾಸ್ಕ್ ಬೇಕು. ಕೆಲಸ ಮುಗಿದ ಮೇಲೆ ಪೊರಕೆ ಹಿಡಿಯದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಕೆರೆದ ಚಕ್ಕೆಗಳನ್ನು ಹಿತ್ತಲಿಗೆ ಎಸೆಯದೆ ಚೀಲದಲ್ಲಿ ಕಟ್ಟಿಡಬೇಕು. ಅಷ್ಟು ದಿನ ಚಿಕ್ಕಮಕ್ಕಳೂ ಬಸುರಿಯರೂ ಬೇರೆ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು.

ಇನ್ನೊಂದು ಮಾತು. ಸೀಸದ ಮಿತಿಯ ಮೇಲಿನ ನಿಯಮ ಮನೆಬಳಕೆಯ ಮತ್ತು ಅಲಂಕಾರಿಕ ಪೇಂಟ್‌ಗಳಿಗೆ ಮಾತ್ರ ಅನ್ವಯಿಸುತ್ತದೆ. ಕಾರ್ಖಾನೆಯ ಯಂತ್ರಗಳಿಗೆಂದು ತಯಾರಾದ ಪೇಂಟ್ ಅಗ್ಗಕ್ಕೆ ಸಿಕ್ಕಿತೆಂದು ಮನೆಯ ಗ್ರಿಲ್ಲಿಗೆ ಬಳಿಯುವುದು ತರವಲ್ಲ.

ಪೇಂಟ್ ಕಂಪನಿಗಳು ನಮ್ಮ ರಾಜ್ಯದಲ್ಲಿ ಮಾರುವ ಡಬ್ಬಿಗಳ ಮೇಲೆ ಸೀಸದ ಪ್ರಮಾಣವನ್ನೂ, ಹಳೆಯ ಬಣ್ಣವನ್ನು ಒದ್ದೆ ಮಾಡಿಯೇ ಉಜ್ಜಬೇಕೆಂಬ ಸೂಚನೆಯನ್ನೂ ಕಣ್ಣಿಗೆ ಬೀಳುವ ಕನ್ನಡ ಅಕ್ಷರಗಳಲ್ಲಿ ಮುದ್ರಿಸಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ದೊಡ್ಡ ಕಂಪನಿಗಳದ್ದಷ್ಟೇ ಅಲ್ಲದೆ ಸಂತೆಪೇಟೆಯ ಅಂಗಡಿಗಳಲ್ಲಿ ಸಿಗುವ ಸಣ್ಣ ತಯಾರಕರ ಎನಾಮೆಲ್ ಪೇಂಟ್‌ಗಳನ್ನೂ ಪರೀಕ್ಷೆಗೆ ಒಳಪಡಿಸಿ, ಫಲಿತಾಂಶವನ್ನು ಹಬ್ಬದ ಖರೀದಿ ಶುರುವಾಗುವ ಮೊದಲೇ ಪತ್ರಿಕೆಗಳ ಮೂಲಕ ಜನರಿಗೆ ತಿಳಿಸಬೇಕೆಂದು ಒತ್ತಾಯಿಸುತ್ತೇನೆ.

– ನಿಮ್ಮ ಓದುಗ, ಶಿವಮೊಗ್ಗ