ನೇರಳೆ ಮುಚ್ಚಳದ ಟ್ಯೂಬು

ಪ್ರಿಯ ಗೆಳೆಯಾ,

ಆಸ್ಪತ್ರೆಯ ಲ್ಯಾಬಿನಲ್ಲಿ ಬಯೋಮೆಡಿಕಲ್ ವಿಜ್ಞಾನಿಯಾಗಿ ಕೆಲಸಕ್ಕೆ ಸೇರುತ್ತಿದ್ದೀಯೆ ಎಂದು ತಿಳಿದು ಖುಷಿಯಾಯಿತು. "ಎಲ್ಲವನ್ನೂ ಯಂತ್ರವೇ ಮಾಡುತ್ತದಂತೆ, ನಮಗೇನು ಕೆಲಸ?" ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ನಗುವೂ ಬಂತು. ಪದವಿಯ ಬಿಸಿ ಆರುವ ಮೊದಲು ನಾನೂ ಹಾಗೆಯೇ ಅಂದುಕೊಂಡಿದ್ದೆ.

ಸೇರಿದ ಎರಡನೇ ತಿಂಗಳು, ರಾತ್ರಿ ಪಾಳಿ. ಒಂದು ರಕ್ತದ ಮಾದರಿಯಲ್ಲಿ ಪೊಟ್ಯಾಸಿಯಂ 8.9 ಎಂದು ತೋರಿಸಿತು. ಇರಬೇಕಾದದ್ದು ಸುಮಾರು 3.5ರಿಂದ 5ರೊಳಗೆ, ಅಷ್ಟು ಏರಿದರೆ ಹೃದಯವೇ ನಿಂತುಹೋಗಬಹುದು. ಗಾಬರಿಯಿಂದ ಫೋನಿಗೆ ಕೈ ಹಾಕಿದೆ. ಪಕ್ಕದಲ್ಲಿದ್ದ ಹಿರಿಯರು ತಲೆ ಎತ್ತದೆಯೇ, "ಕ್ಯಾಲ್ಸಿಯಂ ಎಷ್ಟಿದೆ ನೋಡು" ಎಂದರು. ನೋಡಿದರೆ ಪಾತಾಳ ಸೇರಿತ್ತು. ರಕ್ತ ಹೆಪ್ಪುಗಟ್ಟದಿರಲೆಂದು ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಹಾಕಿರುವ ಇಡಿಟಿಎ ಎಂಬ ರಾಸಾಯನಿಕ ಸಾಮಾನ್ಯವಾಗಿ ಪೊಟ್ಯಾಸಿಯಂ ಲವಣವೇ. ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವುದೇ ಅದರ ಕಸುಬು. ಆ ಟ್ಯೂಬಿನ ರಕ್ತವನ್ನು ಯಾರೋ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಬೇರ್ಪಡುವ ದ್ರವ) ಟ್ಯೂಬಿಗೆ ಬಗ್ಗಿಸಿದ್ದರು. ಫೋನನ್ನಂತೂ ಮಾಡಿದೆ, ಆದರೆ ಹೊಸ ಮಾದರಿ ಕೇಳುವುದಕ್ಕೆ. ಅದರಲ್ಲಿ 4.2 ಬಂತು. ಪಾಪ, ಯಂತ್ರದ್ದೇನೂ ತಪ್ಪಿರಲಿಲ್ಲ, ಕೊಟ್ಟದ್ದನ್ನು ಸರಿಯಾಗಿಯೇ ಅಳೆದಿತ್ತು. ಅನುಮಾನಪಡುವ ಕೆಲಸ ಮಾತ್ರ ನಮಗೆ ಬಿಟ್ಟದ್ದು.

ಇನ್ನೊಂದು ಮಾತು. ರೋಗಿಗಳ ಮಾದರಿಗೆ ಮೊದಲು ಕಂಟ್ರೋಲ್, ಅಂದರೆ ಎಷ್ಟು ಬರಬೇಕೆಂದು ಮೊದಲೇ ಗೊತ್ತಿರುವ ಮಾದರಿಯನ್ನು, ಯಂತ್ರದಲ್ಲಿ ಓಡಿಸಿ, ಬಂದ ಅಂಕಿಯನ್ನು ಲೆವಿ-ಜೆನ್ನಿಂಗ್ಸ್ ನಕ್ಷೆಯಲ್ಲಿ ಚುಕ್ಕೆಯಾಗಿ ಗುರುತಿಸುತ್ತೇವೆ. ಸರಾಸರಿಯಿಂದ ಎರಡು ಮಾನಕ ವಿಚಲನೆಗಳಷ್ಟು (ಅಂಕಿಗಳು ಸಹಜವಾಗಿ ಎಷ್ಟು ಏರಿಳಿಯುತ್ತವೆ ಎಂಬ ಅಳತೆ) ದೂರದ ಗೆರೆಯನ್ನು ಅಂಕಿಯು ಇಪ್ಪತ್ತರಲ್ಲಿ ಸುಮಾರು ಒಂದು ಬಾರಿ ಏನೂ ಕಾರಣವಿಲ್ಲದೆಯೇ ದಾಟುತ್ತದೆ. ಇದನ್ನೇ ನೆಪ ಮಾಡಿಕೊಂಡು, ಅಂಕಿ ಗೆರೆಯೊಳಗೆ ಬರುವ ತನಕ ಓಡಿಸುತ್ತಲೇ ಇರುವ ಚಾಳಿಯವರನ್ನು ನೋಡುತ್ತೀಯೆ. ಕಲಿಯಬೇಡ. ಆರು ದಿನದಿಂದ ಚುಕ್ಕೆಗಳು ಗೆರೆಯೊಳಗಿದ್ದುಕೊಂಡೇ ಒಂದೇ ದಿಕ್ಕಿಗೆ ಜಾರುತ್ತಿದ್ದರೆ, ನನಗೆ ಅದೇ ಹೆಚ್ಚು ಭಯ.

ಬ್ಯಾಕ್ಟೀರಿಯಾಗಳನ್ನು ಎರಡು ಗುಂಪಾಗಿ ಗುರುತಿಸುವ ಗ್ರಾಂ ಬಣ್ಣ ಹಾಕುವುದು 1884ರಿಂದ ಇರುವ ವಿದ್ಯೆ, ನಿನಗೆ ಗೊತ್ತೇ ಇದೆ. ಆದರೂ ಬಣ್ಣ ತೊಳೆಯುವ ಹಂತದಲ್ಲಿ ಕೆಲವು ಸೆಕೆಂಡು ಮೈಮರೆತೆಯೋ, ನೇರಳೆಯಾಗಿ ಕಾಣಬೇಕಾದ ಬ್ಯಾಕ್ಟೀರಿಯಾ ಗುಲಾಬಿಯಾಗಿ ಕಾಣುತ್ತದೆ. ನನ್ನದು ಎರಡು ಬಾರಿ ಹಾಗಾಗಿದೆ.

ಮೊದಲ ವಾರಗಳಲ್ಲಿ ನಿನ್ನನ್ನು ಮಾದರಿ ಸ್ವೀಕರಿಸುವ ಮೇಜಿಗೆ ಹಾಕಬಹುದು. ಓದಿದ್ದೆಲ್ಲ ದಂಡವಾಯಿತೆಂದು ಮುಖ ಸಣ್ಣದು ಮಾಡಿಕೊಳ್ಳಬೇಡ. ಹೆಚ್ಚಿನ ತಪ್ಪುಗಳು ಆಗುವುದು ಯಂತ್ರ ಮುಟ್ಟುವ ಮೊದಲೇ: ತಪ್ಪು ಹೆಸರು, ತಪ್ಪು ಟ್ಯೂಬು, ಒಡೆದ ಕೆಂಪು ಕಣಗಳಿಂದ ಕೆಂಪಾದ ಸೀರಂ. ಒಂದು ತಿಂಗಳಾದ ಮೇಲೆ, ಎಷ್ಟು ಮಾದರಿಗಳನ್ನು ವಾಪಸು ಕಳಿಸಿದೆ, ಎಷ್ಟು ಬೈಗುಳ ತಿಂದೆ ಎಂದು ಬರೆ.

ನಿನ್ನ ಗೆಳೆಯ