ನಮ್ಮ ಮಕ್ಕಳ ಪ್ರಾಜೆಕ್ಟ್ ಆಯ್ಕೆಯಾಗಿದೆ, ಊರಿನವರಿಗೆಲ್ಲ ಥ್ಯಾಂಕ್ಸ್

ಪಾವಗಡ ತಾಲ್ಲೂಕಿನ ನಮ್ಮ ಹೈಸ್ಕೂಲಿನ ಇಬ್ಬರು ಹುಡುಗಿಯರ ಪ್ರಾಜೆಕ್ಟ್ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ಜಿಲ್ಲೆಯಿಂದ ಆಯ್ಕೆಯಾಗಿ ರಾಜ್ಯಮಟ್ಟಕ್ಕೆ ಹೋಗುತ್ತಿದೆ. ಮಾರ್ಗದರ್ಶಿ ಶಿಕ್ಷಕಿ ಅಂತ ನನ್ನ ಹೆಸರಿದೆ. ಆದರೆ ದುಡಿದವರು ಬಹಳ ಜನ. ಅವರಿಗೆ ಎಲ್ಲರೆದುರೇ ಥ್ಯಾಂಕ್ಸ್ ಹೇಳಬೇಕು.

ಮಕ್ಕಳ ಪ್ರಶ್ನೆ ಇಷ್ಟೇ: ನಮ್ಮೂರಿನ ಯಾವ ಬೋರ್‌ವೆಲ್ಲಿನಲ್ಲಿ ಫ್ಲೋರೈಡ್ ಎಷ್ಟಿದೆ? ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಪರವಾಗಿಲ್ಲ ಅನ್ನುತ್ತದೆ ಭಾರತೀಯ ಮಾನಕ. ಫ್ಲೋರೈಡ್ ಹೆಚ್ಚಾದರೆ ಬರುವ ಹಲ್ಲಿನ ಕಂದು ಕಲೆ, ಮೂಳೆ ನೋವು ಏನೆಂದು ಪಾವಗಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ಮೊದಲ ನಮಸ್ಕಾರ ನಮ್ಮ ನೀರುಗಂಟಿ ಅಣ್ಣನಿಗೆ. ಮೋಟಾರ್ ಹಾಕಿದ ಕೂಡಲೇ ನೀರು ಹಿಡಿಯುವಂತಿಲ್ಲ. ಪೈಪಿನಲ್ಲಿ ನಿಂತದ್ದು ಹೋಗಬೇಕು, ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಲ್ಲಿ ತೊಳೆದು ತುಂಬಬೇಕು. ತ್ರೀ ಫೇಸ್ ಕರೆಂಟ್ ಯಾವ ಹೊತ್ತಿಗೆ ಬಂದರೂ ಅಣ್ಣ ಫೋನ್ ಮಾಡಿ ಕರೆದರು. ಯಾವ ಬೋರ್ ಎಷ್ಟು ಆಳ, ಯಾವ ಬೀದಿಗೆ ಯಾವುದರ ನೀರು, ಎಲ್ಲ ಬಾಯಲ್ಲೇ ಹೇಳಿದರು. ವರದಿಯಲ್ಲಿರುವ ನಕ್ಷೆ ಅವರು ಹೇಳಿ ಬರೆಸಿದ್ದು.

ಮನೆಮನೆಗೆ ಕೇಳುವ ಪ್ರಶ್ನೆಗಳನ್ನು ಮಕ್ಕಳು ಕನ್ನಡದಲ್ಲಿ ಬರೆದಿದ್ದರು. ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಅಂಗನವಾಡಿ ಅಕ್ಕ ಬಿಸಿಲಲ್ಲಿ ಜೊತೆಗೆ ನಡೆದು, ತೆಲುಗಿನಲ್ಲಿ ಕೇಳಿ ಬರೆಸಿದರು. "ಅಡುಗೆಗೆ ಯಾವ ನೀರು?" ಅನ್ನುವ ಪ್ರಶ್ನೆ ಸೇರಿಸಿದವರೂ ಅವರೇ. ಪ್ರಾಜೆಕ್ಟಿಗೆ ಜೀವ ಬಂದದ್ದು ಅಲ್ಲಿಂದ. ಕುಡಿಯೋಕೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತಾರೆ. ಮುದ್ದೆಗೆ, ಸಾರಿಗೆ ಮಾತ್ರ ಬೋರ್ ನೀರು! ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಜಾಸ್ತಿಯಾಗುತ್ತದೆ. ಇದನ್ನು ಕೇಳಿದ ಅಮ್ಮಂದಿರು ಬೇಸರಪಡದೆ, ಒಲೆ ಹತ್ತಿರ ಕೂರಿಸಿಕೊಂಡು ದಿನಕ್ಕೆ ಎಷ್ಟು ನೀರು ಹಾಕುತ್ತೇವೆ ಅಂತ ಅಳೆದು ತೋರಿಸಿದರು. ಅವರಿಗೆ ಎಷ್ಟು ಹೇಳಿದರೂ ಕಡಿಮೆ.

ಟೆಸ್ಟ್ ಕಿಟ್ಟಿನ ಕೆಂಪು ದ್ರಾವಣ ಫ್ಲೋರೈಡ್ ಹೆಚ್ಚಿದ್ದಷ್ಟೂ ಹಳದಿಯತ್ತ ತಿರುಗುತ್ತದೆ. ಅದನ್ನು ಕಣ್ಣಂದಾಜಿನಲ್ಲೇ ಹೋಲಿಸಬೇಕು. ಒಂದೇ ನೀರು ಇಬ್ಬರಿಗೂ ಬೇರೆ ಬೇರೆ ಬಣ್ಣ ಕಂಡಾಗ, ಡಿಗ್ರಿ ಕಾಲೇಜಿನ ಕೆಮಿಸ್ಟ್ರಿ ಮೇಷ್ಟ್ರು ತಮ್ಮ ಲ್ಯಾಬಿನ ಮೀಟರಿನಲ್ಲಿ ಮತ್ತೆ ಅಳೆಸಿದರು. "ಹೊಂದದ ಲೆಕ್ಕಾನೂ ಬರೀರಮ್ಮ, ಅಳಿಸಬೇಡಿ" ಅಂದರು. ತೀರ್ಪುಗಾರರು ಜಾಸ್ತಿ ಹೊತ್ತು ಓದಿದ್ದು, ಪ್ರಶ್ನೆ ಕೇಳಿದ್ದು ಆ ಪುಟದ ಬಗ್ಗೆಯೇ. ದುಡ್ಡು ಕೊಟ್ಟು ಮಾಡಿಸಿದ ಥರ್ಮೋಕೋಲ್ ಮಾಡೆಲ್ ಯಾವುದಕ್ಕೂ ಈ ತೂಕ ಬರುವುದಿಲ್ಲ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಲ್ಯಾಬ್ ಬೀಗದ ಕೈ ನಂಬಿ ಕೊಟ್ಟ ಹೆಡ್‌ಮಾಸ್ಟರಿಗೆ, ಮಕ್ಕಳನ್ನು ಸಂಜೆ ತನಕ ಬಿಟ್ಟ ಅಪ್ಪ ಅಮ್ಮಂದಿರಿಗೆ ನಮಸ್ಕಾರ.

ರಾಜ್ಯಮಟ್ಟಕ್ಕೆ ಹೋಗುವ ಮೊದಲು ಎಲ್ಲ ಬೋರ್‌ಗಳ ನೀರನ್ನೂ ಇನ್ನೊಮ್ಮೆ ಪರೀಕ್ಷಿಸಬೇಕು. ಹುಡುಗಿಯರು ಬಾಟಲಿ ಹಿಡಿದು ಮತ್ತೆ ಬರುತ್ತಾರೆ. ವರದಿಯ ಒಂದು ಪ್ರತಿ ಪಂಚಾಯಿತಿ ಲೈಬ್ರರಿಯಲ್ಲಿದೆ. ನಿಮ್ಮ ಬೀದಿಯ ಲೆಕ್ಕ ಅದರಲ್ಲಿ ನೋಡಿಕೊಳ್ಳಿ.